ಮೂರನೇ ರೊಟ್ಟಿಗೆ ನಾಲ್ಕು ಮಾರ್ಕ್ಸ್

ಹೊಳೆಯ ಆಚೆ

ನಾನು ಪರದೇಶಕ್ಕೆ ಹೋಗಿಬಂದಿದ್ದೇನೆ. ನಗಬೇಡಿ. ನಮ್ಮ ಮಾವನವರ ಲೆಕ್ಕದಲ್ಲಿ ಕೃಷ್ಣೆಯ ಸೇತುವೆ ದಾಟಿದರೆ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ನಿಜಾಮ ಹೋಗಿ ಎಷ್ಟೋ ಕಾಲವಾಯಿತು, ಗಡಿಗಳೆಲ್ಲ ಬದಲಾದವು, ಮಾವನವರ ನಕಾಶೆ ಮಾತ್ರ ಹಾಗೇ ಇದೆ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ರಾಯಚೂರಿನ ಬಸ್ಸು ಹತ್ತಿಸುವಾಗ ಅವರು ಬುತ್ತಿಯ ಗಂಟು ಕೈಗಿಟ್ಟು, “ಪರಮುಲಕ ಅದು. ಬಾಯಿ ಸ್ವಲ್ಪ ಬಿಗಿ ಹಿಡಿ,” ಎಂದರು.

ನನ್ನ ಬಾಯಿ ಊರಿಗೇ ಗೊತ್ತು. ನಾನು ರೊಟ್ಟಿ ಕೇಂದ್ರ ನಡೆಸುವವಳು. ಎಂಟು ಹೆಣ್ಣುಮಕ್ಕಳು, ನಾಲ್ಕು ಒಲೆ, ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬಡಿದದ್ದೇ ಬಡಿದದ್ದು. ಮದುವೆಮನೆಗೂ ಖಾನಾವಳಿಗೂ ನಮ್ಮ ರೊಟ್ಟಿಯೇ ಹೋಗುತ್ತದೆ. ಅಂಥ ನನಗೆ ಹೈದರಾಬಾದಿನ ಒಂದು ಸಿರಿಧಾನ್ಯ ಸಂಶೋಧನಾ ಕೇಂದ್ರದಿಂದ ಪತ್ರ ಬಂದಿತ್ತು. ಪತ್ರದಲ್ಲಿ ನನ್ನ ಹೆಸರಿನ ಹಿಂದೆ ‘ತಜ್ಞರು’ ಎಂದು ಬರೆದಿತ್ತು. ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದವಳು ನಾನು. ಆ ಶಬ್ದವನ್ನು ನಾಲ್ಕು ಸಲ ಓದಿ, ಐದನೇ ಸಲ ಮಾವನವರಿಗೆ ಗಟ್ಟಿಯಾಗಿ ಓದಿಹೇಳಿದೆ.

ವಿಷಯ ಇಷ್ಟು. ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಎಂಟು ನಾಟಿ ಜೋಳಗಳಲ್ಲಿ ರೊಟ್ಟಿಗೆ ಯಾವುದು ಒಳ್ಳೆಯದೆಂದು ಏಳು ಮಂದಿ ತಜ್ಞರು ಕೂತು ಒಮ್ಮತದಿಂದ ಹೇಳಬೇಕು. ಆರಿಸಿದ ಒಂದು ಜೋಳದ ಬೀಜವನ್ನು ಕೇಂದ್ರದವರು ಬೆಳೆಸಿ ಊರೂರಿಗೆ ಹಂಚುತ್ತಾರೆ. ಉಳಿದ ಏಳು ಪೊಟ್ಟಣಗಳಾಗಿ ತಣ್ಣನೆಯ ಕೋಣೆ ಸೇರುತ್ತವೆ. ಆ ಎಂಟರಲ್ಲಿ ಒಂದು ನಮ್ಮ ಮಾವನವರದು. ಹಿಂದಿನ ತಿಂಗಳೇ ಅವರು ಚೀಲ ಕಟ್ಟಿ ಕಳಿಸಿದ್ದರು. ಈಗ ನಮ್ಮೂರಿನಲ್ಲಿ ಆ ಜೋಳ ಬಿತ್ತುವವರು ಅವರೊಬ್ಬರೇ. ಅವರಾದ ಮೇಲೆ ಯಾರು ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ.

“ಚೀಲದ ಮ್ಯಾಲ ಹೆಸರು ಇರಂಗಿಲ್ಲಂತ, ಬರೇ ನಂಬರ ಅಂತ. ಗುರ್ತು ಹಿಡೀತಿಯಿಲ್ಲೋ?” ಎಂದು ಮಾವನವರು ಕಿಟಕಿಯ ಹೊರಗೆ ನಿಂತು ಕೇಳಿದರು.

“ಹಿಟ್ಟು ಮುಟ್ಟಿದ್ರ ಸಾಕ್ರಿ ಮಾವಾರ. ಕಣ್ಣು ಕಟ್ಟಿದ್ರೂ ಹೇಳ್ತೀನಿ.”

“ಬುತ್ತಿ ಅದರದ ಐತಿ. ನಾಳೆ ತಿಂದ್ರೂ ಮೆತ್ತಗ ಇರತೈತಿ, ಅವಸರ ಮಾಡಬ್ಯಾಡ.”

ಬಸ್ಸು ಹೊರಟಿತ್ತು. ನಾನು ಸೀಟಿನ ಮೇಲೆ ಯಾರೋ ಹಾಸಿದ್ದ ಟವಲ್ಲಿನ ಒಡೆಯನ ಜೊತೆ ಜಗಳಕ್ಕೆ ಬಿದ್ದಿದ್ದೆ. ಅವರ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಕಾಚಿಗೂಡ

ರಾಯಚೂರಿನಲ್ಲಿ ರಾತ್ರಿ ತಂಗಿಯ ಮನೆಯಲ್ಲಿದ್ದು, ಮರುದಿನ ರೈಲು ಹಿಡಿದೆ. ತಂಗಿ ಬಿಸಿ ಅನ್ನ ಹಾಕಿದ್ದರಿಂದ ಬುತ್ತಿ ಬಿಚ್ಚಿದ್ದು ರೈಲಿನಲ್ಲೇ. ಎದುರಿಗೆ ಕೂತ ತೆಲುಗು ಅಜ್ಜಿಗೆ ಒಂದು ರೊಟ್ಟಿ, ಖಾರದ ಶೇಂಗಾ ಹಿಂಡಿಪುಡಿ ಕೊಟ್ಟೆ. ಹಲ್ಲಿಲ್ಲದ ಅಜ್ಜಿ ಅದನ್ನು ಪೂರ್ತಿ ತಿಂದು ನನ್ನ ಕೆನ್ನೆ ಸವರಿದಳು. ಹಲ್ಲಿಲ್ಲದವಳು ನಿನ್ನೆಯ ಜೋಳದ ರೊಟ್ಟಿ ಹೇಗೆ ತಿಂದಳು ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಕಿಟಕಿಯಾಚೆ ಬರುವ ದೊಡ್ಡ ಊರಿನ ಅಂಚು ನೋಡುವ ಸಡಗರದಲ್ಲಿದ್ದೆ.

ಹೈದರಾಬಾದಿನ ಕಾಚಿಗೂಡ ಸ್ಟೇಶನ್ನಿನಲ್ಲಿ ಇಳಿದಾಗ ನನ್ನ ಟಿವಿ ಹಿಂದಿಯನ್ನೆಲ್ಲ ಒಟ್ಟು ಮಾಡಿ ಆಟೊದವರೊಬ್ಬರನ್ನು ಮಾತಾಡಿಸಿದೆ. ಸಂಶೋಧನಾ ಕೇಂದ್ರವಿರುವ ಗಚ್ಚಿಬೌಲಿಗೆ ಎಂದ ಕೂಡಲೇ ಅವರು ಆಟೊ ಶುರುಮಾಡದೆ ನನ್ನನ್ನು ಚಹದಂಗಡಿಗೆ ಕರೆದೊಯ್ದರು. ಅಲ್ಲಿ ನಿಂತ ನಾಲ್ವರ ಮುಂದೆ ಪ್ರಶ್ನೆ ಇಟ್ಟರು: ಈ ಹೊತ್ತಿನಲ್ಲಿ ಯಾವ ದಾರಿ ಹಿಡಿದರೆ ಗಾಡಿಗಳ ನಡುವೆ ಸಿಕ್ಕಿಬೀಳುವುದಿಲ್ಲ? ನಾಲ್ವರೂ ನಾಲ್ಕು ದಾರಿ ಹೇಳಿದರು. ಒಬ್ಬರು ‘ನಕ್ಕೋ ನಕ್ಕೋ’, ಬೇಡವೇ ಬೇಡ, ಎಂದು ಕೈಯಾಡಿಸಿದರೆ ಇನ್ನೊಬ್ಬರು ಬಸಿಯಲ್ಲಿ ಚಹ ಸುರಿದುಕೊಂಡು ಅದರಲ್ಲೇ ಬೆರಳಿನಿಂದ ದಾರಿ ಬರೆದು ತೋರಿಸಿದರು. ನನಗೂ ಒಂದು ಚಹ ಬಂತು. ನಮ್ಮೂರಲ್ಲಾದರೆ ಇಷ್ಟೊತ್ತಿಗೆ ಒಬ್ಬರು ಇನ್ನೊಬ್ಬರ ಅಜ್ಜನ ಕಾಲದ ಜಗಳ ತೆಗೆಯುತ್ತಿದ್ದರು. ಇಲ್ಲಿ ಚಹ ಮುಗಿಯುವ ಹೊತ್ತಿಗೆ ನಾಲ್ವರೂ ಒಂದೇ ದಾರಿಗೆ ಬಂದರು, ಕೈಕುಲುಕಿದರು. ಆಟೊದವರು ಎಲ್ಲರಿಗೂ ಸಲಾಂ ಹೇಳಿ, ಗಾಡಿ ಹತ್ತಿ, ಐದನೇ ದಾರಿಯಲ್ಲಿ ಹೋದರು. ಒಂದೂಕಾಲು ಗಂಟೆ ಸಿಕ್ಕಿಬಿದ್ದೆವು.

ಗಚ್ಚಿಬೌಲಿ, ಮೊದಲ ದಿನ

ಗಾಜಿನ ಕಟ್ಟಡಗಳ ನಡುವೆ ಅಂಗೈಯಗಲ ಜೋಳದ ಹೊಲ ಕಂಡಾಗ ಸರಿಯಾದ ಜಾಗಕ್ಕೆ ಬಂದೆ ಎಂದುಕೊಂಡೆ. ಬಾಗಿಲಲ್ಲಿ ನಿಂತಿದ್ದವರು ಡಾಕ್ಟರ್ ರೇಣುಕಾ. ಈ ಎರಡು ದಿನದ ಕೆಲಸವೆಲ್ಲ ಅವರ ಉಸ್ತುವಾರಿ. ಅವರ ಅಜ್ಜ ಸರ್ಕಾರಿ ನೌಕರಿಗೆಂದು ಕಲಬುರಗಿಯಿಂದ ಬಂದು ಇಲ್ಲೇ ನಿಂತವರಂತೆ.

“ನಮ್ಮ ಮನ್ಯಾಗ ಕನ್ನಡ, ಬಾಗಲಾ ದಾಟಿದ್ರ ತೆಲುಗು, ಸಿಟ್ಟು ಬಂದ್ರ ಉರ್ದು,” ಎಂದು ರೇಣುಕಾ ನಕ್ಕರು. “ನನಗ ಉರ್ದು ಬರೂಹಂಗ ಮಾಡಬ್ಯಾಡ್ರಿ ಅಕ್ಕಾರ.”

ಉಳಿದ ಆರು ತಜ್ಞರಲ್ಲಿ ನನಗೆ ನೆನಪುಳಿದವರು ಮೂವರು. ನಿವೃತ್ತ ಪ್ರೊಫೆಸರೊಬ್ಬರು ತುತ್ತಿಗೆ ನಲವತ್ತು ಸಲ ಅಗಿದು, ಚಿಕ್ಕ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದರು. ದೊಡ್ಡ ಹೋಟೆಲಿನ ಅಡುಗೆಯ ಖಾಜಾಭಾಯಿ ರೊಟ್ಟಿಯನ್ನು ತಿನ್ನುವ ಮೊದಲು ಕಿವಿಯ ಹತ್ತಿರ ಮುರಿದು ಸದ್ದು ಕೇಳುತ್ತಿದ್ದರು. ಮೂರನೆಯವರು ನಾರಾಯಣಪೇಟ ಕಡೆಯ ಅಂಜಮ್ಮ, ಹೊಲದಲ್ಲಿ ದುಡಿಯುವ ಹೆಣ್ಣುಮಗಳು. ಪ್ರತಿವರ್ಷ ಹತ್ತಾರು ಬಗೆಯ ಬೀಜ ಕಟ್ಟಿಟ್ಟು ಹೆಸರಾದವರು. ಗಡಿ ಊರಾದ್ದರಿಂದ ಕನ್ನಡ ಬರುತ್ತಿತ್ತು. “ಮನ್ಯಾಗ ತೆಲುಗು, ಹೊಲ್ದಾಗ ಕನ್ನಡ ಅಕ್ಕಾ,” ಎಂದರು. ಅವರೂ ಒಂದು ಚೀಲ ಕಳಿಸಿದ್ದರು. ಯಾವ ನಂಬರಿನಲ್ಲಿ ಯಾರ ಜೋಳ ಎಂಬುದು ರೇಣುಕಾ ಅವರ ಲಕೋಟೆಯೊಳಗೆ ಮಾತ್ರ ಇತ್ತು.

ತಟ್ಟೆಗಳು ಬಂದವು. ಎಂಟು ನಂಬರ್, ಎಂಟು ತುಂಡು ರೊಟ್ಟಿ, ಒಂದು ಲೋಟ ನೀರು. ಪಲ್ಯವಿಲ್ಲ, ಖಾರವಿಲ್ಲ, ಬೆಣ್ಣೆಯಿಲ್ಲ. ರೊಟ್ಟಿಗೆ ಇಷ್ಟು ಅವಮಾನವಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೆಲ್ಲಗೆ ಚೀಲದಿಂದ ಶೇಂಗಾ ಹಿಂಡಿ ತೆಗೆದು ಖಾಜಾಭಾಯಿಗೆ ಒಂದು ಚಿಟಿಕೆ, ಅಂಜಮ್ಮನಿಗೆ ಒಂದು ಚಿಟಿಕೆ ದಾಟಿಸಿದೆ. ಪ್ರೊಫೆಸರು ಪೆನ್ಸಿಲು ಕೆಳಗಿಟ್ಟು ತಾವೂ ಕೈ ಚಾಚಿದರು. ಅಷ್ಟರಲ್ಲಿ ರೇಣುಕಾ ಬಂದು ಪೊಟ್ಟಣ ಜಪ್ತಿ ಮಾಡಿದರು.

ಮಾರ್ಕ್ಸ್ ಕೊಡುವ ಪದ್ಧತಿ ಕೇಳಿ. ನನಗೆ ಅದು ಭಾರಿ ಖುಷಿ ಕೊಟ್ಟಿತು. ಪ್ರತಿಯೊಬ್ಬರೂ ಚೀಟಿಯಲ್ಲಿ ಹತ್ತಕ್ಕೆ ಎಷ್ಟೆಂದು ಬರೆಯಬೇಕು. ಹೆಸರು ಬರೆಯುವಂತಿಲ್ಲ. ರೇಣುಕಾ ಎಲ್ಲವನ್ನೂ ಬೋರ್ಡಿನ ಮೇಲೆ ಹಾಕುತ್ತಾರೆ. ಒಂದೇ ಜೋಳಕ್ಕೆ ಅತಿ ಹೆಚ್ಚು ಕೊಟ್ಟವರು, ಅತಿ ಕಡಿಮೆ ಕೊಟ್ಟವರು ಯಾಕೆ ಎಂದು ಇನ್ನೊಂದು ಚೀಟಿಯಲ್ಲಿ ಬರೆಯಬೇಕು, ಅದಕ್ಕೂ ಹೆಸರಿಲ್ಲ. ಅದನ್ನು ಗಟ್ಟಿಯಾಗಿ ಓದಿದ ಮೇಲೆ ಎಲ್ಲರೂ ಮತ್ತೆ ಮಾರ್ಕ್ಸ್ ಬರೆಯುತ್ತಾರೆ. ಹೆಚ್ಚಿಗೂ ಕಡಿಮೆಗೂ ಮೂರಕ್ಕಿಂತ ಹೆಚ್ಚು ಅಂತರವಿದ್ದರೆ ಆ ಜೋಳ ಇತ್ಯರ್ಥವಾದಂತಲ್ಲ. ಒಂದು ಇತ್ಯರ್ಥವಾಗದೆ ಉಳಿದರೂ ಇನ್ನೊಂದನ್ನು ಗೆಲ್ಲಿಸುವಂತಿಲ್ಲ. ಕೈಯೆತ್ತಿಸಿ ಎಣಿಸುವುದಂತೂ ಇಲ್ಲವೇ ಇಲ್ಲ.

ನಮ್ಮಲ್ಲಿ ಪಂಚಾಯ್ತಿ ಕಟ್ಟೆಯ ಒಮ್ಮತ ಹೇಗಿರುತ್ತದೆ, ನಿಮಗೆ ಗೊತ್ತು. ಯಾರ ಗಂಟಲು ದೊಡ್ಡದೋ ಅವರು ಹೇಳುತ್ತಾರೆ, ಉಳಿದವರು ‘ಹೂಂ’ ಎನ್ನುತ್ತಾರೆ, ಮನೆಗೆ ಹೋಗಿ ಹೆಂಡತಿಯ ಮುಂದೆ ಬೈಯುತ್ತಾರೆ. ಇಲ್ಲಿ ಪ್ರೊಫೆಸರು ಕೊಟ್ಟ ಏಳೂ ಅಂಜಮ್ಮ ಕೊಟ್ಟ ಏಳೂ ಒಂದೇ ತೂಕದ್ದು.

ಎರಡು ಸುತ್ತಿನಲ್ಲಿ ಆರು ಜೋಳಗಳು ತಂಟೆಯಿಲ್ಲದೆ ಇತ್ಯರ್ಥವಾಗಿ ಹಿಂದೆ ಬಿದ್ದವು. ಉಳಿದದ್ದು ಮೂರು ಮತ್ತು ಏಳು. ಮೂರಕ್ಕೆ ಬಹಳ ಮಂದಿ ಏಳೋ ಎಂಟೋ ಕೊಟ್ಟಿದ್ದರು, ಒಂದು ಒಂಬತ್ತೂ ಇತ್ತು. ನಾನು ಕೊಟ್ಟದ್ದು ನಾಲ್ಕು. ಹಂಚಿನ ಮೇಲೆ ಉಬ್ಬಿದ ಗುರುತು ಕಡಿಮೆ, ಬಣ್ಣ ಮಂಕು. ಏಳರ ಕತೆ ತಿರುಗುಮುರುಗು. ಮುಟ್ಟಿದರೆ ಮುರಿಯುತ್ತದೆಂದು ಎಲ್ಲರದೂ ನಾಲ್ಕು, ಐದು. ನನ್ನದೊಂದೇ ಒಂಬತ್ತು. ಅದರ ತುಂಡು ಬಾಯಿಗಿಟ್ಟ ಕೂಡಲೇ ಸಣ್ಣ ಸಿಹಿ ಹತ್ತಿತ್ತು, ಮೈ ಜುಮ್ಮೆಂದಿತ್ತು. ಇದು ನಮ್ಮದೇ, ಮಾವನವರದೇ.

“ಮುರಿದ ರೊಟ್ಟಿಗೆ ಒಂಬತ್ತು ಕೊಟ್ಟವರು ಯಾರಪ್ಪಾ?” ಎಂದು ಪ್ರೊಫೆಸರು ತೆಲುಗಿನಲ್ಲಿ ಗೊಣಗಿದರು, ಅಂಜಮ್ಮ ನನ್ನ ಕಿವಿಯಲ್ಲಿ ಅದನ್ನು ಕನ್ನಡ ಮಾಡಿದರು.

“ನಾನು,” ಎಂದು ಎದ್ದುನಿಂತೆ. “ಏಳಕ್ಕ ಒಂಬತ್ತು ಕೊಟ್ಟಾಕಿ ನಾನು. ಮೂರಕ್ಕ ನಾಲ್ಕು ಕೊಟ್ಟಾಕಿನೂ ನಾನ.”

ರೇಣುಕಾ ಹಣೆ ಒತ್ತಿಕೊಂಡರು. “ಅಕ್ಕಾರ, ನೀವ ಹಿಂಗ ಎದ್ದು ಹೇಳಿದ್ರ ನಾ ಚೀಟಿ ಯಾಕ್ ಮಾಡ್ಸಿದ್ನಿರಿ?” ಅದರ ಹಿಂದೆಯೇ ಒಂದು ಉರ್ದು ಮಾತೂ ಬಂತು.

ಎರಡನೇ ದಿನ, ಅಡುಗೆಮನೆ

ರಾತ್ರಿಯಿಡೀ ನನಗೆ ಏಳರದೇ ಯೋಚನೆ. ಬೆಳಗಾದ ಕೂಡಲೇ ಅಡುಗೆಮನೆಗೆ ನುಗ್ಗಿ ನೋಡಿದೆ. ಅಡುಗೆಯವರು ಎಂಟೂ ಹಿಟ್ಟಿಗೆ ಒಂದೇ ಅಳತೆಯ ನೀರು ಹಾಕುತ್ತಿದ್ದರು. ಯಾರಿಗೂ ಅನ್ಯಾಯವಾಗಬಾರದೆಂದು ಹಾಗೆ ಮಾಡಿದ್ದಂತೆ. ನನಗೆ ತಲೆ ಕೆಟ್ಟಿತು. ಹಿಟ್ಟು ಎಷ್ಟು ಕೇಳುತ್ತದೋ ಅಷ್ಟು ಎಸರು ಕೊಡಬೇಕು. ಎಂಟು ಕೂಸಿಗೆ ಒಂದೇ ಅಳತೆಯ ಅಂಗಿ ಹೊಲಿಸಿದರೆ ನಡೆಯುತ್ತದೆಯೇ?

ರೇಣುಕಾ ಎಲ್ಲರನ್ನೂ ಕೇಳಿ ಒಪ್ಪಿಗೆ ಕೊಟ್ಟರು. ನಾನು ಸೆರಗು ಸಿಗಿಸಿ, ಪರಾತದಲ್ಲಿ ಏಳರ ಹಿಟ್ಟು ಸುರಿದು, ಕುದಿಯುವ ಎಸರು ಹಾಕಿ ನಾದಿದೆ. ಬಡಿಯುವ ಸದ್ದು ಕೇಳಿ ಪಕ್ಕದ ಕೋಣೆಗಳಿಂದಲೂ ಜನ ಬಂದರು. ಹಂಚಿಗೆ ಹಾಕಿದ ರೊಟ್ಟಿ ಬುರಬುರನೆ ಉಬ್ಬಿತು. ಆಹಾ, ಆ ಹೊತ್ತಿನ ನನ್ನ ಠೀವಿ ನೀವು ನೋಡಬೇಕಿತ್ತು. ಖಾಜಾಭಾಯಿ ಬಿಸಿ ರೊಟ್ಟಿ ಕೈಯಿಂದ ಕೈಗೆ ಹಾರಿಸುತ್ತ, “ಅಮ್ಮಾ, ಮೇರೆ ಹೋಟೆಲ್ ಆಜಾವ್,” ಎಂದು ತಮ್ಮ ಹೋಟೆಲಿಗೇ ಕರೆದರು. ಪ್ರೊಫೆಸರು ನಲವತ್ತು ಸಲ ಅಗಿಯುವುದನ್ನು ಮರೆತು ನುಂಗಿಬಿಟ್ಟರು. ಮುಂದಿನ ಸುತ್ತಿನಲ್ಲಿ ಏಳಕ್ಕೆ ಬರೀ ಎಂಟು, ಒಂಬತ್ತು. ಮೂರಕ್ಕೆ ಏಳು, ಎಂಟು ಕೊಟ್ಟಿದ್ದವರು ಒಂದೊಂದು ಇಳಿಸಿದರು.

“ಮೂರನ್ನೂ ಹಿಂಗೇ ಕೈ ಅಳತೀಲೆ ಮಾಡಣಾ ಅಕ್ಕಾ?” ಎಂದು ಅಂಜಮ್ಮ ಮೆಲ್ಲಗೆ ಕೇಳಿದರು.

“ಅದಕ್ಕೇನ್ ಮಾಡ್ತೀರಿ ಬಿಡ್ರಿ. ಅದರಾಗ ಏನೂ ಇಲ್ಲ. ಮಧ್ಯಾಹ್ನದ ರೈಲು ಬ್ಯಾರೆ ಐತಿ,” ಎಂದೆ ನಾನು. ನನ್ನ ಬಾಯಿಂದಲೇ ಬಂದ ಮಾತು ಇದು, ಮರೆಮಾಚುವುದಿಲ್ಲ.

ಮೂರರ ಒಂಬತ್ತು ಯಾರದೆಂದು ಈಗ ಎಲ್ಲರಿಗೂ ತಿಳಿಯಿತು. ಅದಕ್ಕೆ ನನ್ನದು ನಾಲ್ಕು, ಅಂಜಮ್ಮನದು ಒಂಬತ್ತು. ನಡುವೆ ಐದರ ಅಂತರ. ಇಬ್ಬರಲ್ಲಿ ಒಬ್ಬರು ಸರಿಯದೆ ಸಭೆ ಮುಗಿಯುವಂತಿರಲಿಲ್ಲ. ಮುಗಿಯದಿದ್ದರೆ ಈ ವರ್ಷ ಯಾವ ಬೀಜವೂ ಇಲ್ಲ. ರೇಣುಕಾ ಚಹಕ್ಕೆ ಬಿಟ್ಟರು. ನಾವಿಬ್ಬರೂ ಹೊರಗೆ ಬೇವಿನ ನೆರಳಿನ ಕಟ್ಟೆಗೆ ಹೋಗಿ ಕೂತೆವು.

ಅಂಜಮ್ಮ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ರೊಟ್ಟಿ ತೆಗೆದರು. “ನಿನ್ನೀದು ಅಕ್ಕಾ, ಮೂರರದು. ಮುಟ್ಟಿ ನೋಡು. ಹೊಲಕ್ಕ ಹೋಗೋರು ಬಿಸೀದು ಎಲ್ಲಿ ತಿಂತೀವಿ? ಮಧ್ಯಾಹ್ನಕ್ಕ ಬಿಚ್ಚಿದ್ರ ಮೆತ್ತಗ ಇರಬೇಕು. ಇದು ಐತಿ ನೋಡು.”

ನಾನು ಮುಟ್ಟಲಿಲ್ಲ. “ಅಂಜಮ್ಮಾ, ಇಲ್ಲಿ ನಿನ್ನೀ ರೊಟ್ಟಿಗೆ ಮಾರ್ಕ್ಸ್ ಇಲ್ಲವಾ. ಏಳು ಜನರಾಗ ಆರು ಜನಕ್ಕ ಬ್ಯಾಡಾದದ್ದನ್ನ ನೀ ಒಬ್ಬಾಕಿ ಹಿಡಕೊಂಡ್ರ ಯಾರಿಗೂ ಬೀಜ ಇಲ್ಲದಂಗ ಆಕ್ಕೈತಿ. ಅಳಿಸಿಬಿಡು.”

“ನೀನು ದಿನಾ ರೊಟ್ಟಿ ಮಾಡಾಕಿ. ನನಗಿಂತ ನಿನಗ ಗೊತ್ತು,” ಎಂದರು ಅಂಜಮ್ಮ. ಆಮೇಲೆ ಆ ತುಂಡನ್ನು ತಾವೇ ತಿಂದು ಕೈ ಒರೆಸಿಕೊಂಡರು. “ಸರೇ ಅಕ್ಕಾ.”

ಒಳಗೆ ಹೋಗಿ ಒಂಬತ್ತರ ಜಾಗದಲ್ಲಿ ಆರು ಬರೆದರು. ಏಳು ಗೆದ್ದಿತು, ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಲಕೋಟೆ

ರೇಣುಕಾ ಲಕೋಟೆ ಹರಿದರು. ನಾನು ಮಾವನವರಿಗೆ ಫೋನ್ ಹಚ್ಚಲು ಮೊಬೈಲ್ ಕೈಯಲ್ಲಿ ಹಿಡಿದೇ ನಿಂತಿದ್ದೆ.

“ಏಳು, ಅಂಜಮ್ಮನವರ ಜ್ವಾಳ,” ಎಂದರು ರೇಣುಕಾ. ಅಂಜಮ್ಮ ಕೇಳಿಸಲಿಲ್ಲವೆಂಬಂತೆ ಅತ್ತಿತ್ತ ನೋಡಿದರು. ರೇಣುಕಾ ಕಾಗದದ ಮೇಲೆ ಬೆರಳು ಇಳಿಸುತ್ತ ಬಂದು ನಿಂತರು, ನನ್ನ ಮುಖ ನೋಡಿದರು. “ಅಕ್ಕಾರ, ಮೂರು ನಿಮ್ಮದು.”

ಕೈಯಲ್ಲಿದ್ದ ಮೊಬೈಲನ್ನು ಚೀಲಕ್ಕೆ ಹಾಕಿದೆ. ನಮ್ಮ ಹೊಲದ ಜೋಳ ನಮಗೆ ವರ್ಷದಲ್ಲಿ ಮೂರು ತಿಂಗಳು ಬಂದರೆ ಹೆಚ್ಚು. ನಮ್ಮ ರೊಟ್ಟಿ ಕೇಂದ್ರಕ್ಕೆ ಬಳಸುವುದು ಪೇಟೆಯ ಜೋಳ. ಬೆಳ್ಳಗಿರಬೇಕು, ಉಬ್ಬಬೇಕು, ಬಿಸಿಯಿರುವಾಗಲೇ ಖಾನಾವಳಿಗೆ ಹೋಗಬೇಕು. ಇಷ್ಟು ವರ್ಷ ಅದನ್ನೇ ಬಡಿದ ಕೈ, ಮನೆಯ ಜೋಳವನ್ನು ಮರೆತುಬಿಟ್ಟಿತ್ತು. ಕಣ್ಣು ಕಟ್ಟಿದರೂ ಹೇಳುತ್ತೇನೆ ಅಂದವಳು ಕಣ್ಣು ಬಿಟ್ಟುಕೊಂಡು ಮನೆಯದನ್ನೇ ಹೊರಗೆ ಹಾಕಿದೆ.

“ಮೂರನ್ನೂ ಕೈಲೆ ಮಾಡಿ ನೋಡೂಣ್ರಿ,” ಎಂದೆ.

ರೇಣುಕಾ ಬಹಳ ಮೆತ್ತಗೆ ಹೇಳಿದರು: “ಈಗ ನಿಮಗ ಅದು ಯಾರದಂತ ಗೊತ್ತಾಗೇತ್ರಿ. ಇನ್ನ ಆಗಂಗಿಲ್ಲ.”

ಅದು ಸರಿಯಾದ ಮಾತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಅಂಜಮ್ಮ ಬಂದು ನನ್ನ ಕೈ ಹಿಡಿದರು. ಗೆದ್ದವರ ಮುಖದಲ್ಲಿ ಗೆಲುವೇ ಇರಲಿಲ್ಲ. ನಾನು ಅವರದನ್ನು ಗೆಲ್ಲಿಸಲು ಕುಣಿದಿದ್ದೆ, ಅವರು ನಮ್ಮದನ್ನು ಉಳಿಸಲು ಒಬ್ಬರೇ ನಿಂತಿದ್ದರು. ಇಬ್ಬರಿಗೂ ಮೊದಲು ಅಳು ಬಂತು, ಆಮೇಲೆ ಅದು ಹೇಗೋ ನಗೆಯಾಯಿತು. ಪ್ರೊಫೆಸರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಹೊರಡುವಾಗ ರೇಣುಕಾ ಉಳಿದ ಬೀಜದಲ್ಲಿ ಒಂದೊಂದು ಬೊಗಸೆ ನಮಗೆ ಕೊಟ್ಟರು. ನಾನು ಕೇಳಿದ್ದು ಏಳು. ಅಂಜಮ್ಮ ಕೇಳಿದ್ದು ಮೂರು.

ಮಹಬೂಬ್‌ನಗರದವರೆಗೆ

ಕಾಚಿಗೂಡದಿಂದ ಇಬ್ಬರೂ ಒಂದೇ ರೈಲು. ಈ ಸಲ ನನ್ನ ಬಾಯಿಗೆ ಕೆಲಸವಿರಲಿಲ್ಲ, ಅಂಜಮ್ಮನೇ ಮಾತಾಡಿದರು. ಬೂದಿ ಬೆರೆಸಿ ಬೀಜ ಇಡುವ ಬಗೆ, ಹಕ್ಕಿ ಕಾಯುವ ಬಗೆ. ಮಹಬೂಬ್‌ನಗರದಲ್ಲಿ ಇಳಿಯುವಾಗ ಸೆರಗಿನ ಗಂಟು ತೋರಿಸಿ, “ಹಿಂಗಾರಿಗೆ ಬಿತ್ತತೀನಿ. ನಮ್ಮ ಓಣ್ಯಾಗ ಹನ್ನೆರಡು ಮನಿ ಅದಾವು, ಮುಂದಿನ ವರ್ಷ ಎಲ್ಲಾರಿಗೂ,” ಎಂದರು. ರೈಲು ಬಿಟ್ಟ ಮೇಲೂ ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದರು.

ಮನೆ

ಮಾವನವರು ಪಡಸಾಲೆಯಲ್ಲಿ ಕೂತಿದ್ದರು. ಸುತ್ತಿ ಬಳಸದೆ ಹೇಳಿದೆ: “ಮಾವಾರ, ನಮ್ಮದು ಸೋತತಿ. ಸೋಲಿಸಿದಾಕಿ ನಾನ.”

ಎಲ್ಲ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು. “ಆ ಏಳರ ರೊಟ್ಟಿ ಮಾಡು, ನೋಡೂಣು,” ಎಂದರಷ್ಟೇ. ಬೊಗಸೆ ಬೀಜದಲ್ಲಿ ಅರ್ಧ ಬೀಸಿ ಎರಡು ರೊಟ್ಟಿ ಬಡಿದೆ, ನಮ್ಮ ಜೋಳದವೂ ಎರಡು. ಮಾವನವರು ಏಳರದನ್ನು ಬಿಸಿಯಾಗಿಯೇ ಬೆಣ್ಣೆ ಹಚ್ಚಿ ತಿಂದು, ಇನ್ನೊಂದಕ್ಕೂ ಕೈ ಚಾಚಿದರು.

“ಹತ್ತಕ್ಕ ಎಷ್ಟು ಕೊಡ್ತೀರಿ?”

“ಒಂಬತ್ತು ಕೊಡೂಣು. ಸುಳ್ಳ್ಯಾಕ ಹೇಳಬೇಕು, ಛಲೋ ಐತಿ.”

“ಮತ್ತ ನಮ್ಮದಕ್ಕ?”

ಅವರು ನಮ್ಮ ಜೋಳದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು. “ಅದಕ್ಕ ನಾಳೆ.”

ಮರುದಿನ ಮಧ್ಯಾಹ್ನ ಗಂಟು ಬಿಚ್ಚಿ ನನ್ನನ್ನು ಕರೆದರು. ರೊಟ್ಟಿಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿದರು. ಎಲ್ಲೂ ಸೀಳಲಿಲ್ಲ. ಅರ್ಧ ಹರಿದು ನನ್ನ ಕೈಯಲ್ಲಿಟ್ಟರು. ಬೇವಿನ ಕಟ್ಟೆಯ ಮೇಲೆ ನಾನು ಮುಟ್ಟದೆ ಬಿಟ್ಟ ತುಂಡು ಇದೇ. ಕೊನೆಯ ಚೂರಿನವರೆಗೂ ತಿಂದೆ. ಎದ್ದು ಹೋಗಿ ಫೋನ್ ಹಚ್ಚಿದೆ.

“ಅಂಜಮ್ಮಾ, ಮೂರಕ್ಕ ಒಂಬತ್ತವಾ.”

ಆ ಕಡೆ ಗಾಳಿಯ ಸದ್ದು. ಹೊಲದಲ್ಲಿದ್ದರೆಂದು ಕಾಣುತ್ತದೆ.

“ನಾ ಆವತ್ತೇ ಕೊಟ್ಟಿದ್ನಲ್ಲಕ್ಕಾ,” ಎಂದರು ಅಂಜಮ್ಮ. “ನೀನೇ ಅಲ್ಲಾ, ಅಳಿಸಂದಾಕಿ.”